ಆ ಚೌಕದಲ್ಲಿ ಟಿಕ್ ಹಾಕಿದ್ದು ಸಂಗವ್ವ ಸಿಸ್ಟರ್ ಅಲ್ಲ

ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ಕಳೆದ ಸೋಮವಾರ ತಾವು ಹೊರಡಿಸಿದ ಆದೇಶದ ಪ್ರಕಾರ ಮಹಿಳಾ ಮೆಡಿಸಿನ್ ವಾರ್ಡಿನ ಗುತ್ತಿಗೆ ಸ್ಟಾಫ್ ನರ್ಸ್ ಸಂಗವ್ವ ಅವರು ಈ ತಿಂಗಳ ಮೂವತ್ತರ ನಂತರ ಕೆಲಸದಲ್ಲಿ ಇರುವುದಿಲ್ಲ. ಕಾರಣವನ್ನು ತಾವೇ ಬರೆದಿದ್ದೀರಿ: "ಕೃತಕ ಬುದ್ಧಿಮತ್ತೆಯ ಸಾಧನವನ್ನು ಬೇಜವಾಬ್ದಾರಿಯಿಂದ ಬಳಸಿ, ರೋಗಿಗೆ ವಿವರಿಸದೆಯೇ ವಿವರಿಸಿರುವುದಾಗಿ ದೃಢೀಕರಿಸಿದ್ದು." ಈ ವಾಕ್ಯದಲ್ಲಿ ಸಾಧನ ಇದ್ದದ್ದು ನಿಜ, ಬೇಜವಾಬ್ದಾರಿ ನಿಜ, ರೋಗಿಗೆ ಯಾರೂ ವಿವರಿಸಲಿಲ್ಲ ಎಂಬುದೂ ನಿಜ. ಮಾಡಿದವರ ಹೆಸರೊಂದೇ ಸುಳ್ಳು. ಅದನ್ನು ಮಾಡಿದವಳು ನಾನು.

ನಾನು ತಮ್ಮ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರಥಮ ವರ್ಷದ ವಿದ್ಯಾರ್ಥಿನಿ. ಆ ರೋಗಿ, ಖಾನಾಪುರದ ಹೀರಾಬಾಯಿ, ನನ್ನ ಸ್ವಂತ ಅಜ್ಜಿ. ಸಿಸ್ಟರ್ ವಿರುದ್ಧ ದೂರು ಬರೆದ ಮಹಾವೀರ ನನ್ನ ಕಾಕಾ. ನನ್ನ ಅಪ್ಪ-ಅಮ್ಮ ಕೊಲ್ಹಾಪುರದಲ್ಲಿರುವುದರಿಂದ ಕಾಲೇಜಿನ ದಾಖಲೆಯಲ್ಲಿ ನನ್ನ ಪಾಲಕರೂ ಅವರೇ. ಅಂದರೆ ಈ ಪ್ರಕರಣದಲ್ಲಿ ಪೆಟ್ಟು ತಿಂದವರು ನಮ್ಮವರು, ದೂರು ಕೊಟ್ಟವರು ನಮ್ಮವರು, ತಪ್ಪು ಮಾಡಿದವಳೂ ನಮ್ಮ ಮನೆಯವಳೇ. ಶಿಕ್ಷೆ ಮಾತ್ರ ಪರರ ಪಾಲಿಗೆ ಹೋಗಿದೆ. ಇಷ್ಟು ಅಚ್ಚುಕಟ್ಟಾದ ವಿಲೇವಾರಿಗೆ ತಮ್ಮ ತನಿಖಾ ಸಮಿತಿಯನ್ನು ಅಭಿನಂದಿಸಬೇಕು.

ಇದನ್ನು ಪತ್ರಿಕೆಗೆ ಬರೆಯುವ ಮೊದಲು ತಮ್ಮ ಕೊಠಡಿಯ ಹೊರಗೆ ಮೂರು ಸಲ ಕುಳಿತು ಬಂದಿದ್ದೇನೆ. "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ, ನಿನ್ನ ಪ್ರಿನ್ಸಿಪಾಲರ ಥ್ರೂ ಬಾರವಾ" ಎಂದರು ಬಾಗಿಲ ಬಳಿಯ ಜವಾನರು. ಪ್ರಿನ್ಸಿಪಾಲರು "ಅದು ಆಸ್ಪತ್ರೆಯ ಆಡಳಿತದ ವಿಷಯ" ಎಂದರು. ಒಂದು ಅರ್ಜಿ ಕೊಟ್ಟೆ. ಅದರ ಮೇಲೆ ನೀಲಿ ಮುದ್ರೆ ಬಿತ್ತು. ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಧೈರ್ಯವಿಲ್ಲ, ಅಷ್ಟೇ. ಓದಿದರೆ ತಮಗೆ ಗೊತ್ತಾಗುತ್ತದೆ. ನಾಲ್ಕನೇ ಇಯತ್ತೆಯಿಂದ ಹನ್ನೆರಡರವರೆಗೆ ಊರಿಂದ ದೂರ, ಇಂಗ್ಲಿಷ್ ಮಾಧ್ಯಮದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ನನ್ನ ಕನ್ನಡದಲ್ಲಿ ತಪ್ಪುಗಳಿದ್ದರೆ ಕ್ಷಮಿಸಿ. ಕ್ಷಮಿಸಬಾರದ ತಪ್ಪು ಮುಂದೆ ಬರುತ್ತದೆ.

ಮೊದಲು ಸಂಗವ್ವ ಸಿಸ್ಟರ್ ಹೇಗೆ ಕೆಲಸ ಮಾಡುತ್ತಿದ್ದರು ಎಂದು ಹೇಳಬೇಕು. ತಮ್ಮ ಆದೇಶದಲ್ಲಿ ಅದು ಎಲ್ಲಿಯೂ ಇಲ್ಲ.

ನಾನು ವಾರ್ಡಿಗೆ ಬಂದ ಮೊದಲ ವಾರ. ರೋಗಿ ಮನೆಗೆ ಹೊರಡುವ ದಿನ ಸಿಸ್ಟರ್ ಒಂದು ಸ್ಟೂಲು ಎಳೆದುಕೊಂಡು ಹಾಸಿಗೆಯ ಪಕ್ಕ ಕೂರುತ್ತಿದ್ದರು. ಗುಳಿಗೆಗಳ ಬಗ್ಗೆ ಒಂದು ಮಾತೂ ಇಲ್ಲ. "ಹೇಳ್ರಿ, ನಿಮ್ಮ ದಿನಾ ಹೇಳ್ರಿ" ಎನ್ನುತ್ತಿದ್ದರು, ಅಷ್ಟೇ. ಒಮ್ಮೆ ಒಬ್ಬ ಹೆಣ್ಣುಮಗಳು ಹೇಳಿದಳು:

"ನಾಕಕ್ಕ ಏಳ್ತೀನ್ರಿ. ಎಮ್ಮಿ ಹಿಂಡತೀನಿ. ಡೇರಿಗೆ ಹಾಲು ಹಾಕಿ ಬರ್ತೀನಿ."

"ಡೇರಿಯಿಂದ ಬಂದು ಏನರ ಬಾಯಾಗ ಹಾಕ್ಕೋತೀರಿ?"

"ಚಾ ರೀ."

"ಚಾ ಜೋಡಿ?"

"ಚಾ ಜೋಡಿ ಏನ್ರೀ? ಇನ್ನೊಂದು ಕಪ್ ಚಾ."

ಇಡೀ ವಾರ್ಡು ನಕ್ಕಿತು. ಸಿಸ್ಟರ್ ಕೂಡ ನಕ್ಕರು. ನಗುತ್ತಲೇ ಹಾಳೆಯ ಮೇಲೆ ಬರೆದರು: ಡೇರಿಯಿಂದ ಬಂದ ಮೇಲೆ ಒಂದು ರೊಟ್ಟಿ, ರೊಟ್ಟಿಯ ಮೇಲೆ ಬಿಳಿ ಗುಳಿಗೆ. ಗಂಟೆ ಬರೆಯಲಿಲ್ಲ. "ಗಂಟಿ ಬರದ್ರ ಆಕಿ ಗಂಟಿ ನೋಡ್ತಾಳೇನು? ಆಕಿ ನೋಡೂದು ಎಮ್ಮಿ" ಎಂದು ನನಗೆ ಹೇಳಿದರು. ಕಾಲೇಜಿನಲ್ಲಿ ಇದಕ್ಕೆ 'ಹೆಲ್ತ್ ಎಜುಕೇಶನ್' ಎಂಬ ಪಾಠವಿದೆ, ಐದು ಅಂಕ. ಸಿಸ್ಟರ್ ಅದನ್ನು ಮಾಡಲು ಒಬ್ಬ ರೋಗಿಗೆ ಹದಿನೈದು ನಿಮಿಷ ತೆಗೆದುಕೊಳ್ಳುತ್ತಿದ್ದರು.

ಆ ಹದಿನೈದು ನಿಮಿಷವೇ ತಮ್ಮ ಕಣ್ಣಿಗೆ ಬಿದ್ದದ್ದು. ನರ್ಸಿಂಗ್ ಸ್ಟೇಷನ್ನಿನ ಹೊರಗೆ ತಾವು ಬೋರ್ಡು ಹಾಕಿಸಿದಿರಿ: ವೈದ್ಯರು ಡಿಸ್ಚಾರ್ಜ್ ಎಂದು ಬರೆದ ಮೇಲೆ ಒಂದು ಗಂಟೆಯೊಳಗೆ ಹಾಸಿಗೆ ಖಾಲಿಯಾದರೆ ಹಸಿರು, ತಡವಾದರೆ ಕೆಂಪು. ನಮ್ಮ ವಾರ್ಡು ಸದಾ ಕೆಂಪು. ಶನಿವಾರದ ಸಭೆಯಲ್ಲಿ ಕೆಂಪು ವಾರ್ಡುಗಳ ಹೆಸರು ಓದುತ್ತಿದ್ದಿರಿ. ನಂತರ ದೀಪ ಬೆಳಗಿಸಿ ಆ ಹೊಸ ಸಾಧನವನ್ನು ಉದ್ಘಾಟಿಸಿದಿರಿ. ರೋಗದ ಹೆಸರು, ಔಷಧಿಗಳು, ವಯಸ್ಸು ಇಷ್ಟು ಕೊಟ್ಟರೆ ಸಾಕು, ಮನೆಯಲ್ಲಿ ಏನು ಮಾಡಬೇಕು ಎಂಬ ಹಾಳೆಯನ್ನು ಅದು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದುಕೊಡುತ್ತದೆ. "ಹದಿನೈದು ನಿಮಿಷದ ಕೆಲಸ ಇನ್ನು ಎರಡು ನಿಮಿಷದ್ದು" ಎಂದಿರಿ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ ತಟ್ಟಿದೆ. ಇಂಗ್ಲಿಷ್ ಕಲಿತ ನನ್ನಂಥವರಿಗೆ ಇನ್ನು ಮುಂದೆ ವಾರ್ಡಿನಲ್ಲಿ ಕನ್ನಡ ಬರೆಯುವ ಭಯವಿಲ್ಲ ಎಂದು ನನಗೆ ಸಮಾಧಾನವಾಗಿತ್ತು.

ವಾರ್ಡಿನಲ್ಲಿ ಅದಕ್ಕೆ ಎಲ್ಲರೂ 'ಶಾಣ್ಯಾ', ಅಂದರೆ ಜಾಣ, ಎಂದು ಹೆಸರಿಟ್ಟರು. "ಶಾಣ್ಯಾಗ ಕೇಳು", "ಶಾಣ್ಯಾ ಬರದಾನೇನು ನೋಡು." ಸಿಸ್ಟರ್ ಕೂಡ ಬಳಸಿದರು. ಅವರು ಯಂತ್ರದ ವಿರೋಧಿ ಎಂದು ಯಾರೂ ತಿಳಿಯಬಾರದು. "ಖರೇ ಹೇಳ್ತೀನಿ, ಕಾಲಿನ ಗಾಯದ ಬಗ್ಗೆ ನನಕಿಂತ ಚೊಲೊ ಬರೀತೈತಿ" ಎಂದು ಹೊಗಳುತ್ತಿದ್ದರು. ಆದರೆ ಪ್ರಿಂಟಾದ ಹಾಳೆಯನ್ನು ಹಿಡಿದು ಮತ್ತೆ ಅದೇ ಸ್ಟೂಲಿನ ಮೇಲೆ ಕೂತು "ನಿಮ್ಮ ದಿನಾ ಹೇಳ್ರಿ" ಎಂದು ಕೇಳಿ, ನೀಲಿ ಪೆನ್ನಿನಿಂದ ಅಲ್ಲಲ್ಲಿ ಕಾಟು ಹಾಕಿ ತಿದ್ದುತ್ತಿದ್ದರು. ಆಗ ತಮ್ಮ ಕಚೇರಿಯಿಂದ ಇನ್ನೊಂದು ಸುತ್ತೋಲೆ ಬಂತು: ಮುದ್ರಿತ ಸೂಚನಾ ಪತ್ರದ ಮೇಲೆ ಕೈಬರಹ ಇರಕೂಡದು, ಆಸ್ಪತ್ರೆಯ ಘನತೆಗೆ ಅದು ತಕ್ಕದ್ದಲ್ಲ. ಯೋಚಿಸಿ ನೋಡಿ ಮಾನ್ಯರೇ. ತಪ್ಪನ್ನು ತಿದ್ದುವುದು ಘನತೆಗೆ ಕುಂದು, ತಪ್ಪು ಹಾಗೆಯೇ ಉಳಿದರೆ ಘನತೆ ಉಳಿಯಿತು! ಅಂದಿನಿಂದ ಸಿಸ್ಟರ್ ಮೊದಲು ರೋಗಿಯನ್ನು ಕೇಳಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಸಾಲು ಸಾಲಾಗಿ ತಿದ್ದಿ, ಆಮೇಲೆ ಪ್ರಿಂಟು ತೆಗೆಯತೊಡಗಿದರು. ಬೋರ್ಡು ಕೆಂಪಾಗಿಯೇ ಉಳಿಯಿತು.

ಆ ಪರದೆಯ ಕೆಳಗೆ ಒಂದು ಸಣ್ಣ ಚೌಕವಿದೆ. ಅದರ ಬಾಜೂ ಹೀಗೆ ಬರೆದಿದೆ: 'ಈ ಸೂಚನೆಗಳನ್ನು ಓದಿ, ಪರಿಶೀಲಿಸಿ, ರೋಗಿಗೆ ಅರ್ಥವಾಗುವಂತೆ ವಿವರಿಸಿದ್ದೇನೆ.' ಚೌಕದಲ್ಲಿ ಟಿಕ್ ಹಾಕದಿದ್ದರೆ ಪ್ರಿಂಟ್ ಬರುವುದಿಲ್ಲ. ಇನ್ನೂ ಅಚ್ಚಾಗದ ಹಾಳೆಯನ್ನು ರೋಗಿಗೆ ವಿವರಿಸುವುದು ಹೇಗೆ? ಎಲ್ಲ ವಾರ್ಡುಗಳಲ್ಲಿ, ಎಲ್ಲ ಶಿಫ್ಟುಗಳಲ್ಲಿ, ಎಲ್ಲರೂ ಮೊದಲು ಟಿಕ್ ಹಾಕುತ್ತಾರೆ. ಸುಳ್ಳು ಹೇಳದೆ ಆ ಯಂತ್ರದಿಂದ ಕಾಗದ ಹೊರಗೆ ಬರುವುದೇ ಇಲ್ಲ. ಹಾಗೆ ಕಟ್ಟಿಸಿದವರಿಗೆ ಯಾವ ಆದೇಶ ಹೊರಟಿತು?

ಈಗ ನನ್ನ ಅಜ್ಜಿಯ ವಿಷಯ. ಕಾಲಿನ ಹುಣ್ಣು ಮಾಯದೆ, ಸಕ್ಕರೆ ಏರಿ, ಅವರನ್ನು ನಮ್ಮ ಆಸ್ಪತ್ರೆಗೆ ತಂದರು. "ಪೂನಮ್ ಅಲ್ಲೇ ಅದಾಳಲ್ಲ" ಎಂಬುದೇ ಕಾರಣ. ಆರು ದಿನ ಇದ್ದರು. ದಿನಕ್ಕೆ ಎರಡು ಸಲ ಇನ್ಸುಲಿನ್ ಶುರುವಾಯಿತು. ನಾವು ಜೈನರು, ಅಜ್ಜಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮೊದಲ ದಿನವೇ ಸಂಗವ್ವ ಸಿಸ್ಟರ್ ಅದನ್ನು ಕೇಳಿಕೊಂಡು, ಡಾಕ್ಟರಿಗೆ ಹೇಳಿ, ಸಂಜೆಯ ಸೂಜಿಯನ್ನು ಐದು ಗಂಟೆಗೇ ಕೊಡುವಂತೆ ಮಾಡಿದ್ದರು. ಸೂಜಿ ಹಿಡಿಯುವುದನ್ನು ಅಜ್ಜಿಗೆ ಕಲಿಸಿದ್ದೂ ಅವರೇ. ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ಕಲಿಸಿದರು. "ಹಣ್ಣು ಅಳಾಕತ್ತೈತಿ ಆಯಿ, ಹಗೂರಕ ಚುಚ್ಚರಿ" ಎಂದರೆ ಅಜ್ಜಿ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದರು.

ಆದರೆ ಒಂದು ಸಂಗತಿ ವಾರ್ಡಿನಲ್ಲಿ ಯಾರಿಗೂ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ಅಷ್ಟಮಿ, ಚತುರ್ದಶಿಯ ದಿನ ಅಜ್ಜಿ ಒಪ್ಪತ್ತು ಮಾತ್ರ ಉಣ್ಣುತ್ತಾರೆ. ಅದೂ ಬಸದಿಯಲ್ಲಿ ಅಭಿಷೇಕ ಮುಗಿಸಿ ಬಂದು, ಹನ್ನೊಂದು-ಹನ್ನೆರಡರ ಹೊತ್ತಿಗೆ. ಅದಕ್ಕೆ ಮೊದಲು ಹನಿ ನೀರೂ ಇಲ್ಲ. ಅವರು ಆಸ್ಪತ್ರೆಗೆ ಸೇರಿದ್ದು ಚತುರ್ದಶಿಯ ಮರುದಿನ, ಹೊರಟದ್ದು ಅಷ್ಟಮಿಗೆ ಎರಡು ದಿನ ಇರುವಾಗ. ನಡುವಿನ ಆರೂ ದಿನ ಅವರು ಎಲ್ಲರಂತೆ ಎಂಟು ಗಂಟೆಗೆ ಉಪ್ಪಿಟ್ಟು ತಿಂದರು. ನಾನು ಮೊಮ್ಮಗಳು, ನನಗಾದರೂ ಗೊತ್ತಿರಬೇಕಿತ್ತು. ಅಜ್ಜಿ ಏನೋ ವ್ರತ ಮಾಡುತ್ತಾರೆ ಎಂದು ಗೊತ್ತಿತ್ತು. ಯಾವ ದಿನ, ಯಾವ ಹೊತ್ತು, ಏನು ಮೊದಲು ಏನು ಆಮೇಲೆ, ಗೊತ್ತಿರಲಿಲ್ಲ. ವರ್ಷಕ್ಕೆ ಇಪ್ಪತ್ತು ದಿನ ರಜೆಗೆ ಮನೆಗೆ ಬರುವ, ಹತ್ತು ಗಂಟೆಗೆ ಏಳುವ ಹುಡುಗಿಗೆ ಅಜ್ಜಿಯ ಮುಂಜಾನೆ ಕಾಣುವುದಾದರೂ ಹೇಗೆ?

ಡಿಸ್ಚಾರ್ಜಿನ ದಿನ ವಾರ್ಡಿನಿಂದ ಆರು ಜನ ಮನೆಗೆ ಹೋಗುವವರಿದ್ದರು. ಒಬ್ಬ ಸಿಸ್ಟರ್ ರಜೆ. ಹನ್ನೊಂದೂ ಮುಕ್ಕಾಲಿಗೆ ಮೂಲೆಯ ಹಾಸಿಗೆಯ ಮುದುಕಿಗೆ ಉಸಿರು ಕಟ್ಟತೊಡಗಿತು. ಸಂಗವ್ವ ಸಿಸ್ಟರ್ ಕಂಪ್ಯೂಟರ್ ಬಿಟ್ಟು ಓಡಿದರು. ಓಡುತ್ತ ನನಗೆ ಹೇಳಿದರು: "ಪೂನಮ್, ಅಜ್ಜೀದು ನೀ ಟೈಪ್ ಮಾಡಿ ಇಡವ್ವಾ. ಪ್ರಿಂಟ್ ತಗೀಬ್ಯಾಡ. ನಾ ಬಂದು ಮಾತಾಡ್ಸೂತನಾ ಏನೂ ಕೊಡಬ್ಯಾಡ." ಅವರದೇ ಲಾಗಿನ್ ತೆರೆದಿತ್ತು. ವಿದ್ಯಾರ್ಥಿನಿಯರಿಗೆ ಲಾಗಿನ್ ಇಲ್ಲ, ಏಕೆಂದರೆ ನಾವು ಅದನ್ನು ಮುಟ್ಟಬಾರದು. ಎಲ್ಲ ವಾರ್ಡುಗಳಲ್ಲಿ ನಾವೇ ಟೈಪ್ ಮಾಡುವುದು. ಇದೂ ತಮಗೆ ಗೊತ್ತಿಲ್ಲದ ವಿಷಯವೇನಲ್ಲ.

ಟೈಪ್ ಮಾಡಿದೆ. ಒಂದು ನಿಮಿಷದಲ್ಲಿ ಒಂದೂವರೆ ಪುಟ ಬಂತು. ಎಂಥ ಕನ್ನಡ! ಪಾದಗಳನ್ನು ಹೇಗೆ ತೊಳೆಯಬೇಕು, ಬೆರಳುಗಳ ಸಂದಿಯನ್ನು ಹೇಗೆ ಒರೆಸಬೇಕು, ನಡುಕ ಬಂದರೆ, ಬೆವರು ಬಂದರೆ ಏನು ಮಾಡಬೇಕು, ಎಲ್ಲವೂ ಇತ್ತು. ನಾನು ಜೀವಮಾನದಲ್ಲಿ ಹಾಗೆ ಬರೆಯಲಾರೆ. 'ಬೆಳಗ್ಗೆ 7.30ಕ್ಕೆ ಇನ್ಸುಲಿನ್, 8.00ಕ್ಕೆ ತಿಂಡಿ. ರಾತ್ರಿ 8.00ಕ್ಕೆ ಇನ್ಸುಲಿನ್, 8.30ಕ್ಕೆ ಊಟ.' ಅದರ ಕೆಳಗೆ ದಪ್ಪ ಅಕ್ಷರದಲ್ಲಿ: 'ಯಾವುದೇ ಕಾರಣಕ್ಕೂ ಇನ್ಸುಲಿನ್ ತಪ್ಪಿಸಬೇಡಿ.' ಓದಿದಾಗ ನನಗೆ ಅನಿಸಿದ್ದು ಇಷ್ಟು: ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲ.

ಅಷ್ಟರಲ್ಲಿ ಕಾಕಾ ಬಂದರು. ಅವರಿಗೆ ಖಾನಾಪುರದಲ್ಲಿ ಕಿರಾಣಿ ಅಂಗಡಿ. "ಆತೇನ ಪೂನಮ್? ರವಿವಾರ ಪೇಟಿಯೊಳಗ ಮಾಲು ತುಂಬಿಸಿ ಟೆಂಪೋ ನಿಂತೈತಿ. ಡ್ರೈವರ್ ಬಾಯಿ ಮಾಡಾಕತ್ತಾನ."

"ಸಿಸ್ಟರ್ ಬಂದು ಮಾತಾಡಬೇಕಂತ, ಕಾಕಾ."

"ಏನ ಮಾತಾಡೂದು? ಎಲ್ಲಾ ಬರದೈತಲ್ಲ ಇದರಾಗ. ಕೊಡು."

ಮೂಲೆಯ ಕಡೆ ನೋಡಿದೆ, ಪರದೆ ಎಳೆದಿತ್ತು. ಬೋರ್ಡಿನ ಮೇಲೆ ನಮ್ಮ ಹಾಸಿಗೆಯ ಸಂಖ್ಯೆ ಕೆಂಪಾಗಲು ಎಂಟು ನಿಮಿಷ ಇತ್ತು. ಚೌಕದಲ್ಲಿ ಟಿಕ್ ಹಾಕಿದೆ. ಪ್ರಿಂಟ್ ಬಂತು. ಕಾಕಾನ ಕೈಗೆ ಕೊಟ್ಟೆ. ಇಷ್ಟೇ ನಡೆದದ್ದು. ಅರ್ಧ ಗಂಟೆಯ ನಂತರ ಸಿಸ್ಟರ್ ಬೆವರು ಒರೆಸುತ್ತ ಬಂದು ಖಾಲಿ ಹಾಸಿಗೆ ನೋಡಿ ನನ್ನನ್ನು ನೋಡಿದರು. "ಕಳಿಸೇಬಿಟ್ಟ್ಯಾ?" ಎಂದರು. ಅವತ್ತು ಸಂಜೆ ಕಾಕಾನಿಗೆ ಎರಡು ಸಲ ಫೋನ್ ಮಾಡಿದರಂತೆ. ಗೊತ್ತಿಲ್ಲದ ನಂಬರು ಎಂದು ಕಾಕಾ ಎತ್ತಲಿಲ್ಲ.

ಮನೆಯಲ್ಲಿ ಹಾಳೆ ಓದಿದ ಕಾಕಾ ರಾತ್ರಿಯ ಎಂಟನ್ನು ತಾವೇ ಸರಿಮಾಡಿಕೊಂಡರು. "ರಾತ್ರಿ ಎಂಟು ಅಂದ್ರ ನಮಗ ಸಂಜಿ ಐದು" ಎಂದು ಅಜ್ಜಿಗೆ ಹೇಳಿದರು. ಎದ್ದು ಕಾಣುವ ಒಂದು ತಪ್ಪು ಕಂಡು ತಿದ್ದಿಕೊಂಡ ಮೇಲೆ ಉಳಿದದ್ದೆಲ್ಲ ಸರಿ ಎಂದು ಅವರು ನಂಬಿದರು. ಅಷ್ಟಮಿ ಬಂತು. ಅಜ್ಜಿ ಸ್ನಾನ ಮಾಡಿ, ಹಾಳೆಯಲ್ಲಿ ಬರೆದಂತೆ ಏಳೂವರೆಗೆ ಸೂಜಿ ಚುಚ್ಚಿಕೊಂಡು, ಬರಿಹೊಟ್ಟೆಯಲ್ಲಿ ಬಸದಿಗೆ ನಡೆದರು. ದಪ್ಪ ಅಕ್ಷರದವರು ತಪ್ಪಿಸಬೇಡಿ ಎಂದಿದ್ದರು, ತಪ್ಪಿಸಲಿಲ್ಲ. ವ್ರತವನ್ನು ನಲವತ್ತು ವರ್ಷಗಳಿಂದ ತಪ್ಪಿಸಿರಲಿಲ್ಲ, ಅದನ್ನೂ ತಪ್ಪಿಸಲಿಲ್ಲ. ಎರಡು ಆಜ್ಞೆಗಳನ್ನೂ ಚಾಚೂ ತಪ್ಪದೆ ಪಾಲಿಸಿದ್ದೇ ಅವರ ಅಪರಾಧ.

ಒಂಬತ್ತೂವರೆಗೆ ಬಸದಿಯ ಮೆಟ್ಟಿಲ ಮೇಲೆ ಅವರಿಗೆ ನಡುಕ ಬಂತು, ಮೈಯೆಲ್ಲ ಬೆವರಿತು. ಬಾಜೂ ಮನೆಯವರು ಒಂದು ತಂಬಿಗೆ ಸಕ್ಕರೆ ನೀರು ತಂದರು. ಅಜ್ಜಿ ಬಾಯಿ ಬಿಗಿಹಿಡಿದು ತಲೆ ಅಲ್ಲಾಡಿಸಿದರಂತೆ: "ಇನ್ನಾ ಅಭಿಷೇಕ ಆಗಿಲ್ಲ." ಸುತ್ತ ನಿಂತ ಹೆಂಗಸರೂ ಅವರ ವ್ರತ ಮುರಿಯಲು ಅಂಜಿದರು. "ನಿಶ್ಶಕ್ತಿ ಅದು, ತಣ್ಣಗ ಗಾಳಿ ಹಾಕ್ರಿ" ಎಂದರು. ಗಾಳಿ ಹಾಕುತ್ತ, ಸಕ್ಕರೆ ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾಲು ಗಂಟೆ ನಿಂತರು. ಅಜ್ಜಿ ಎದ್ದು ಒಳಗೆ ಹೋಗಲು ನೋಡಿ ಮುಂದಕ್ಕೆ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು, ಹುಬ್ಬಿನ ಮೇಲೆ ಐದು ಹೊಲಿಗೆ. ಊರಿನ ದವಾಖಾನೆಯಲ್ಲಿ ಗ್ಲುಕೋಸ್ ಏರಿಸಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮುಂಜಾನೆ ಏನ ತಿಂದಿದ್ರಿ?" ಅಷ್ಟು ಸಣ್ಣ ಪ್ರಶ್ನೆ. ಅದನ್ನು ಎರಡು ದಿನ ಮೊದಲು ಕೇಳಲಿದ್ದವರ ಕೈಯಿಂದ ನಾನೇ ಅವಕಾಶ ಕಿತ್ತುಕೊಂಡಿದ್ದೆ.

ಕಾಕಾ ಸಿಟ್ಟಿನಲ್ಲಿ ದೂರು ಬರೆದರು. ದೂರಿನಲ್ಲಿ 'ವಾರ್ಡಿನ ನರ್ಸ್' ಎಂದಿತ್ತು. ಹಾಳೆ ಯಾರ ಕೈಯಿಂದ ತೆಗೆದುಕೊಂಡಿರಿ ಎಂದು ನಾನು ಫೋನಿನಲ್ಲಿ ಕೇಳಿದೆ. ಅದಕ್ಕೆ ಕಾಕಾ, "ಮತ್ತ ನಿನ್ನ ಹೆಸರು ಬರೀಲೇನ ನಾನು? ನಿಮ್ಮಪ್ಪಗ ಏನ ಹೇಳ್ಲಿ?" ಎಂದರು. ಕಾಕಾ ಕೆಟ್ಟವರಲ್ಲ. ಅವರು ನನ್ನನ್ನು ಉಳಿಸಿದರು. ಉಳಿಸುವುದಕ್ಕೆ ಇನ್ನೊಬ್ಬರನ್ನು ಮುಂದೆ ತಳ್ಳಬೇಕಾಗುತ್ತದೆ ಎಂಬುದು ಆ ಕ್ಷಣದಲ್ಲಿ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಲಿಲ್ಲ.

ತನಿಖಾ ಸಮಿತಿ ನನ್ನನ್ನು ಸಾಕ್ಷಿಯಾಗಿ ಕರೆಯಿತು. ಒಳಗೆ ಹೋದರೆ ನನ್ನ ಹೇಳಿಕೆ ಆಗಲೇ ಟೈಪಾಗಿ ಮೇಜಿನ ಮೇಲಿತ್ತು! ನಾನು ಬಾಯಿ ತೆರೆಯುವ ಮೊದಲೇ ನಾನು ಹೇಳಿದ್ದು ಸಿದ್ಧವಾಗಿತ್ತು. 'ವಿದ್ಯಾರ್ಥಿನಿಯಾದ ನಾನು ಸದರಿ ದಿನ ಕಂಪ್ಯೂಟರನ್ನು ಬಳಸಿರುವುದಿಲ್ಲ.' ನಾನು ಆ ಸಾಲಿನ ಮೇಲೆ ಬೆರಳಿಟ್ಟು "ಸರ್, ಇದು..." ಎಂದೆ. ಕಚೇರಿಯವರು ಬಹಳ ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು: "ತಂಗಿ, ವಿದ್ಯಾರ್ಥಿಗಳು ಕಂಪ್ಯೂಟರ್ ಮುಟ್ಟಾಕ ಪರ್ಮಿಶನ್ನ ಇಲ್ಲ. ಪರ್ಮಿಶನ್ ಇಲ್ಲಂದ್ರ ನೀ ಮುಟ್ಟಿಲ್ಲ. ಮುಟ್ಟೇನಿ ಅಂತ ಬರದ್ರ ನಿನ್ನ ಸೀಟಿಂದೂ ಪ್ರಶ್ನೆ ಬರತೈತಿ, ಕಾಲೇಜಿಂದೂ ಬರತೈತಿ." ಬಾಗಿಲಿನ ಆಚೆ ಕಾಕಾ ನಿಂತಿದ್ದರು. "ಲಗೂ ಸಹಿ ಮಾಡಿ ಬಾ ಪೂನಮ್."

ಸಹಿ ಮಾಡಿದೆ, ಮಾನ್ಯರೇ. ಯಾರೂ ಕೈ ಹಿಡಿದು ಮಾಡಿಸಲಿಲ್ಲ. ಪೆನ್ನು ಕೂಡ ನನ್ನದೇ.

ಹನ್ನೊಂದು ಪುಟದ ಆ ವರದಿಯಲ್ಲಿ ಹಾಳೆ ಬರೆಸಿದ ಸಮಯ 11.52 ಎಂದಿದೆ, ಟಿಕ್ ಹಾಕಿದ ಸಮಯ 11.54 ಎಂದಿದೆ. ಅದೇ 11.54ಕ್ಕೆ ಸಂಗವ್ವ ಸಿಸ್ಟರ್ ಮೂಲೆಯ ಹಾಸಿಗೆಯ ಮುದುಕಿಗೆ ಆಮ್ಲಜನಕ ಹಚ್ಚುತ್ತಿದ್ದರು ಎಂದು ಆ ಮುದುಕಿಯ ಕೇಸ್ ಶೀಟಿನಲ್ಲಿ ಅವರದೇ ಕೈಬರಹದಲ್ಲಿದೆ. ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲು ಕೃತಕ ಬುದ್ಧಿ ಬೇಕಿರಲಿಲ್ಲ, ಸಾಧಾರಣ ಬುದ್ಧಿ ಸಾಕಿತ್ತು. ಸಮಿತಿಯು ನನ್ನ ಅಜ್ಜಿಯನ್ನು ಕರೆಯಲೂ ಇಲ್ಲ, ಒಂದು ಮಾತು ಕೇಳಲೂ ಇಲ್ಲ. ಅಜ್ಜಿಯನ್ನು ಕೇಳದೆ ಹಾಳೆ ಬರೆದದ್ದು ತಪ್ಪೆಂದು ತೀರ್ಮಾನಿಸಿದ ಸಮಿತಿ ಅದು!

ಆದೇಶ ಬಂದ ಮರುದಿನ ವಾರ್ಡಿನಲ್ಲಿ ಸಿಸ್ಟರ್ ಬಳಿ ಹೋದೆ. ಮೂವತ್ತರವರೆಗೆ ಅವರದು ಬೆಳಗಿನ ಡ್ಯೂಟಿ. ಹಾಸಿಗೆಯ ಚಾದರ ಬದಲಿಸುತ್ತಿದ್ದರು. ನಾನು ಇನ್ನೊಂದು ತುದಿ ಹಿಡಿದುಕೊಂಡೆ. ಸಹಿ ಮಾಡಿಬಿಟ್ಟೆ ಎಂದೆ.

"ಗೊತ್ತೈತಿ. ನನಗ ಓದಾಕ ಕೊಟ್ಟಿದ್ರು."

"ನನ್ನ ಮ್ಯಾಲೆ ಸಿಟ್ಟೈತೇನ್ರಿ, ಸಿಸ್ಟರ್?"

"ಐತಿ. ಲಾಗಿನ್ ಬಿಟ್ಟು ಓಡಿದ್ದು ನಂದ ತಪ್ಪು, ಅದನ್ನ ಯಾರ ಮ್ಯಾಲೂ ಹಾಕೂದಿಲ್ಲ. ಸಹಿ ಮಾಡಿದ್ದಕ್ಕೂ ಸಿಟ್ಟಿಲ್ಲ, ನಿನ್ನ ವಯಸ್ಸಿನ್ಯಾಗ ನಾನೂ ಮಾಡ್ತಿದ್ನೋ ಏನೋ. ಕೊಡಬ್ಯಾಡ ಅಂದಿದ್ದೆ, ಕೊಟ್ಟಿ. ಅದಕ್ಕ ಸಿಟ್ಟೈತಿ." ಚಾದರದ ಮೂಲೆ ಮಡಚಿ ಒಳಗೆ ಸೇರಿಸಿದರು. "ಆಯಿ ಈಗ ಸೂಜಿ ಎಷ್ಟಕ್ಕ ತಗೋತಾರ?"

ನನಗೆ ಗೊತ್ತಿರಲಿಲ್ಲ.

"ವ್ರತದ ವಿಷಯ ದೂರಿನ್ಯಾಗ ಓದೀನಿ, ನಾಳೆ ಬಿಟ್ಟು ನಾಡದ್ದು ಚತುರ್ದಶಿ. ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಬಿದ್ದ ಮೇಲೆ ಕೆಲವು ವಾರ ಮನೆಯವರು ವ್ರತ ಬಿಡಿಸಿದ್ದರು, ಅಜ್ಜಿ ಅದನ್ನು ಮತ್ತೆ ಹಿಡಿಯುವುದು ಈ ಚತುರ್ದಶಿಗೇ. ದೂರು, ತನಿಖೆ, ವರದಿ, ಆದೇಶ ಎಲ್ಲ ಮುಗಿದಿತ್ತು. ಹಾಳೆ ಮಾತ್ರ ಖಾನಾಪುರದ ಗೋಡೆಯ ಮೇಲೆ ಹಾಗೆಯೇ ಅಂಟಿತ್ತು. ಸಿಸ್ಟರ್ ನನ್ನ ಫೋನಿನಿಂದಲೇ ಅಜ್ಜಿಗೆ ಕರೆ ಮಾಡಿಸಿದರು. ತಮ್ಮ ಮೇಲೆ ದೂರು ಕೊಟ್ಟ ಮನೆಗೇ. ಕಿಟಕಿಯ ಬಳಿ ನಿಂತು "ಹೇಳ್ರಿ ಆಯಿ, ನಿಮ್ಮ ದಿನಾ ಹೇಳ್ರಿ" ಎಂದರು. ಅಜ್ಜಿ ಹೇಳುತ್ತ ಹೋದರು, ಇವರು "ಹೂಂ... ಹೂಂ... ಅಷ್ಟಮಿಗೊಂದು, ಚತುರ್ದಶಿಗೊಂದು... ನೀರೂ ಇಲ್ಲ?" ಎನ್ನುತ್ತ ಅಂಗೈ ಮೇಲೆ ಬರೆದುಕೊಂಡರು. ಆಮೇಲೆ ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ಕೇಳಿ, ಪರ್ವದ ದಿನ ಮುಂಜಾನೆ ಸೂಜಿ ಬೇಡ, ಊಟಕ್ಕೆ ಮೊದಲು ಇಷ್ಟೇ ಸಾಕು ಎಂದು ಅಜ್ಜಿಗೆ ತಿಳಿಸಿದರು. ಅಜ್ಜಿ ಆಚೆಯಿಂದ ಕೇಳಿದ್ದು ನನಗೂ ಕೇಳಿಸಿತು: "ನಿನ್ನ ತಗದಾರಂತಲ್ಲ ಖರೇನ? ಯಾಕ? ನೀ ಏನ ಮಾಡಿದಿ?"

ಸಿಸ್ಟರ್ "ಅದೆಲ್ಲಾ ಬಿಡ್ರಿ ಆಯಿ, ಕೈ ಹೆಂಗೈತಿ?" ಎಂದರು.

ಕೇಳಲಿಲ್ಲ ಎಂಬ ಕಾರಣಕ್ಕೆ ತಾವು ತೆಗೆದುಹಾಕಿದವರೇ ಈ ಇಡೀ ಪ್ರಕರಣದಲ್ಲಿ ಕೇಳಿದ ಒಬ್ಬರೇ ಒಬ್ಬರು.

ಇನ್ನು ತಮ್ಮ ಹೊಸ ಸುತ್ತೋಲೆ. ಅನುಮತಿಯಿಲ್ಲದೆ ಯಾರೂ ಕೃತಕ ಬುದ್ಧಿಮತ್ತೆ ಬಳಸಕೂಡದು, ಓದಿ ಸಹಿ ಮಾಡಿ. ಎಲ್ಲರೂ ಓದದೆ ಸಹಿ ಮಾಡಿದೆವು. ಕಂಪ್ಯೂಟರಿನಿಂದ ಶಾಣ್ಯಾನನ್ನು ತೆಗೆದಿರಿ, ಬೋರ್ಡು ತೆಗೆಯಲಿಲ್ಲ, ಒಂದು ಗಂಟೆಯ ಗಡುವು ತೆಗೆಯಲಿಲ್ಲ, ಇನ್ನೊಬ್ಬ ಸಿಸ್ಟರನ್ನು ಕೊಡಲಿಲ್ಲ. ಈಗ ಏನಾಗಿದೆ ಎಂದು ಹೇಳುತ್ತೇನೆ. ಚಾದರಗಳನ್ನು ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತಮ್ಮ ತಮ್ಮ ಸ್ವಂತ ಫೋನಿನಲ್ಲಿ, ಸಿಕ್ಕ ಸಿಕ್ಕ ಆ್ಯಪಿನಲ್ಲಿ ರೋಗಿಯ ಹೆಸರು, ವಯಸ್ಸು, ರೋಗ ಎಲ್ಲ ಹಾಕಿ ಹಾಳೆ ಬರೆಸುತ್ತಿದ್ದಾರೆ. ಮೊದಲು ತಪ್ಪಾದರೆ ಯಾವ ಲಾಗಿನ್ ಎಂದಾದರೂ ಗೊತ್ತಾಗುತ್ತಿತ್ತು. ನನ್ನ ರೂಮಿನ ಮೇಘಾ ಹೇಳುತ್ತಾಳೆ, "ನೀ ಹೆದರಬ್ಯಾಡ, ಈಗ ಟಿಕ್ ಹಾಕೂ ಕೆಲಸಾನ ಇಲ್ಲಲ್ಲ." ಅವಳು ತಮಾಷೆಗೆ ಹೇಳಿದಳು. ನಾನು ಅವತ್ತು ಊಟ ಮಾಡಲಿಲ್ಲ.

ಯಂತ್ರವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಅದು ಬರೆದ ಹಾಳೆಯಲ್ಲಿ ಕಾಲಿನ ಆರೈಕೆಯ ಬಗ್ಗೆ ಇದ್ದ ಸಾಲುಗಳಿಂದ ಅಜ್ಜಿಯ ಹುಣ್ಣು ಮಾಯುತ್ತಿದೆ, ಅದನ್ನೂ ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ನಾನು ಕೇಳುವುದು ಬಹಳ ಸಣ್ಣದು, ಆದ್ದರಿಂದಲೇ ಆಗುವುದಿಲ್ಲವೇನೋ ಎಂದು ಭಯ. ಯಂತ್ರ ಬರೆಯಲಿ. ಆದರೆ ಬರೆದದ್ದು ರೋಗಿಯ ಕೈಗೆ ಹೋಗುವ ಮೊದಲು ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂರುವಷ್ಟು ಹೊತ್ತನ್ನು ತಾವು ಮಂಜೂರು ಮಾಡಬೇಕು. ಆ ಹೊತ್ತು ಬೋರ್ಡಿನ ಲೆಕ್ಕಕ್ಕೆ ಸೇರಬಾರದು. ಪೆನ್ನಿನಿಂದ ತಿದ್ದಿದ ಹಾಳೆಗೆ ಅವಮಾನ ಬೇಡ. ಯಾರು ಟೈಪ್ ಮಾಡಿದರೋ ಅವರ ಹೆಸರಿನಲ್ಲೇ ಟೈಪಾಗಲಿ, ವಿದ್ಯಾರ್ಥಿನಿಯಾದರೂ ಸರಿ. ಹಾಳೆ ಹೊರಬರಲು ಸುಳ್ಳು ಹೇಳಲೇಬೇಕಾದ ಆ ಚೌಕವನ್ನು ಕಿತ್ತುಹಾಕಿ.

ಮತ್ತು ಇವೆಲ್ಲಕ್ಕಿಂತ ಮೊದಲು, ಸಂಗವ್ವ ಅವರ ಮೇಲಿನ ಆದೇಶವನ್ನು ಹಿಂತೆಗೆದುಕೊಳ್ಳಿ. ಹನ್ನೊಂದು ವರ್ಷ ಮಾಡಿದ ಕೆಲಸದ ಕೊನೆಯ ಪತ್ರದಲ್ಲಿ 'ಬೇಜವಾಬ್ದಾರಿ' ಎಂಬ ಪದ ಇದ್ದರೆ ಬೆಳಗಾವಿಯ ಯಾವ ನರ್ಸಿಂಗ್ ಹೋಮೂ ಅವರನ್ನು ಒಳಗೆ ಬಿಡುವುದಿಲ್ಲ. ಆ ಪದ ನನ್ನದು, ನನಗೆ ಕೊಡಿ. ಸಮಿತಿಯ ಮುಂದೆ ನಾನು ಸಹಿ ಮಾಡಿದ ಹೇಳಿಕೆ ಸುಳ್ಳು, ಅದನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಒಂದು ಪತ್ರಿಕೆಯ ಕಾಗದದಿಂದ ಒಂದು ಸರ್ಕಾರಿ ಮುದ್ರೆಯ ಕಾಗದ ರದ್ದಾಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ಕೇಳಲು ಯಾರೂ ಇಲ್ಲ. ಕಾಕಾ ಇದನ್ನು ಓದಿದ ಮೇಲೆ ಮಾತಾಡುವರೋ ಇಲ್ಲವೋ ಗೊತ್ತಿಲ್ಲ. ಕಾಲೇಜು ಏನು ಮಾಡುತ್ತದೋ ಗೊತ್ತಿಲ್ಲ. ನನ್ನನ್ನು ತೆಗೆದುಹಾಕಿ, ಅವರನ್ನೂ ಉಳಿಸದೆ, ಎರಡೂ ಕಡತ ಮುಚ್ಚಬಹುದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ.

ಮೂವತ್ತಕ್ಕೆ ಇನ್ನು ಎಂಟು ದಿನ. ಅವತ್ತು ಮಧ್ಯಾಹ್ನ ಎರಡಕ್ಕೆ ಅವರ ಡ್ಯೂಟಿ ಮುಗಿಯುತ್ತದೆ. ಅಷ್ಟರೊಳಗೆ ಒಮ್ಮೆ ನನ್ನನ್ನು ಕರೆದು ಕೇಳಿ. ಈ ಸಲ ನಾನು ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂದು ಧೈರ್ಯವಾಗಿ ಬರೆಯಬೇಕೆಂದು ಕೂತಿದ್ದೆ, ಬರೆಯಲು ಆಗುತ್ತಿಲ್ಲ. ಆದ್ದರಿಂದ ದಯವಿಟ್ಟು ಹೇಳಿಕೆಯನ್ನು ಮೊದಲೇ ಟೈಪ್ ಮಾಡಿಸಿ ಇಡಬೇಡಿ. ಮತ್ತು ಕಾಕಾ ಬಾಗಿಲ ಹೊರಗೆ ಇಲ್ಲದ ದಿನ ಕರೆಯಿರಿ.

ಇಂತಿ,
ತಮ್ಮ ವರದಿಯ ಪ್ರಕಾರ ಏನನ್ನೂ ಮುಟ್ಟಿಲ್ಲದ,
ಪೂನಮ್
ಪ್ರಥಮ ವರ್ಷ ಬಿ.ಎಸ್ಸಿ. ನರ್ಸಿಂಗ್, ಬೆಳಗಾವಿ